ಏಣಿಯ ಕೊನೆಯ ಆಟ

“ತಲೆ ಕಡೆ ಎತ್ತಿ. ಅಲ್ಲ ಸಾರ್, ತಲೆ ಕಡೆ! ಕಾಲು ಗೋಡೆಗೆ ತಾಗ್ತಿದೆ.”

ಶವವಾಹನದ ಚಾಲಕ ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆಯ ಒಂದು ತುದಿಗೆ ಹೆಗಲು ಕೊಟ್ಟು ಏದುಸಿರು ಬಿಡುತ್ತಿದ್ದ. ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸಿರಲಿಲ್ಲ. ನೆಟ್ಟಗೆ ನಿಲ್ಲಿಸಿದರೆ ಹಿಡಿಸುತ್ತಿತ್ತೇನೋ, ಆದರೆ ಅದಕ್ಕೆ ಸತ್ತವಳ ತಂಗಿ ಒಪ್ಪಿರಲಿಲ್ಲ.

“ಇಷ್ಟುದ್ದದ ಹೆಂಗಸನ್ನ ನಾನು ಹೊತ್ತೇ ಇಲ್ಲ. ಪೊಲೀಸಲ್ಲಿದ್ರಾ?”

“ದೇಶಕ್ಕೆ ಆಡ್ತಿದ್ರು,” ಎಂದ ಇನ್ನೊಂದು ತುದಿ ಹಿಡಿದಿದ್ದ, ಅವಳು ಕೆಲಸ ಮಾಡುತ್ತಿದ್ದ ಈಜುಕೊಳದ ಕಾವಲುಗಾರ. “ನೆಟ್‌ಬಾಲ್.”

“ವಾಲಿಬಾಲಾ?”

“ನೆಟ್‌ಬಾಲ್.”

“ಓಹೋ,” ಎಂದ ಚಾಲಕ, ಎರಡಕ್ಕೂ ಏನು ವ್ಯತ್ಯಾಸ ಎಂದು ತಿಳಿಯದವನ ಮರ್ಯಾದೆಯಿಂದ.

ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ತಂಗಿ, “ಹುಟ್ಟೋವಾಗ್ಲೂ ಹೀಗೇ ಅಡ್ಡ ಬಂದಿದ್ಲಂತೆ. ಅಮ್ಮ ಹೇಳ್ತಿದ್ಲು,” ಎಂದಳು. ನಗಬೇಕೋ ಬೇಡವೋ ತಿಳಿಯದೆ ಗಂಡಸರು ಪೆಟ್ಟಿಗೆಯನ್ನು ಓರೆ ಮಾಡಿದರು. ಒಳಗೆ ಏನೋ ಮೆಲ್ಲಗೆ ಜರುಗಿದ ಸದ್ದಾಯಿತು. ತಂಗಿ ಕಣ್ಣು ಮುಚ್ಚಿಕೊಂಡಳು.

ಅಕ್ಕನನ್ನು ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಪತ್ರಿಕೆಗಳಲ್ಲೂ ಏಣಿ ಎಂದೇ ಕರೆಯುತ್ತಿದ್ದರು. ಅಟ್ಟದ ಪಾತ್ರೆ ಇಳಿಸಲು, ಬಲ್ಬು ಬದಲಿಸಲು ಅಕ್ಕಪಕ್ಕದವರೆಲ್ಲ ಅವಳನ್ನೇ ಕೂಗುತ್ತಿದ್ದರು. ಆಮೇಲೆ ದೇಶವೂ ಕೂಗಿತು. ಎದುರಾಳಿಯ ಚೆಂಡು ಕಂಬದ ತುದಿಯ ಬಳೆಯೊಳಗೆ ಬೀಳದಂತೆ ಕೈಯೆತ್ತಿ ತಡೆಯುವುದು ಅವಳ ಕೆಲಸ. ಹತ್ತು ವರ್ಷ ತಡೆದಳು. ಆಮೇಲಿನ ಮೂವತ್ತು ವರ್ಷ ಕುಂಟಿದಳು.

ಕಳೆದ ತಿಂಗಳು ಬಲಮೊಣಕಾಲನ್ನು ತೆಗೆದು ಹೊಸದನ್ನು ಕೂರಿಸಿದ್ದರು. ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತು. ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. “ಎದೆ ಯಾಕೋ ಹಿಡ್ಕೊಂಡ ಹಾಗಾಗ್ತಿದೆ ಕಣೇ,” ಎಂದದ್ದು ಕೋಣೆಯಿಂದ ಕೇಳಿಸಿತು. “ಇರು, ಈ ಹೊಲಿಗೆ ಮುಗಿಸಿ ಬಂದೆ,” ಎಂದಳು. ಮುಗಿಸಿಯೇ ಬಂದಳು.

ಚಿತಾಗಾರದ ಸಭಾಂಗಣದಲ್ಲಿ ಕುರ್ಚಿಗಳು ಬಹಳವಿದ್ದವು, ಜನ ಕಡಿಮೆ. ಹಿಂದಿನವರ ಹೂವನ್ನು ಇನ್ನೂ ಗುಡಿಸುತ್ತಿದ್ದರು. ಕ್ರೀಡಾ ಸಂಸ್ಥೆಯವರು ಯಾರೂ ಬಂದಿರಲಿಲ್ಲ. ಅವರ ಹೆಸರಿನಲ್ಲಿ ಒಂದು ಹೂಚಕ್ರ ಬಂದಿತ್ತು. ತಂಗಿ ಅದನ್ನು ಪೆಟ್ಟಿಗೆಗೆ ಒರಗಿಸಿಟ್ಟಳು. ಕನ್ನಡಕ ಮನೆಯಲ್ಲೇ ಉಳಿದಿದ್ದರಿಂದ ಅದರ ಪಟ್ಟಿಯ ಮೇಲೆ ಏನು ಬರೆದಿದೆಯೆಂದು ಓದಲು ಹೋಗಲಿಲ್ಲ.

ಓದಿದವಳು ಗುಬ್ಬಿ. ಕುಳ್ಳಗೆ, ಚುರುಕಾಗಿ, ಬಿಳಿಕೂದಲನ್ನು ಗಂಡುಹುಡುಗರ ಹಾಗೆ ಕತ್ತರಿಸಿಕೊಂಡಿದ್ದ ಆಕೆ ಬಸ್ಸಿಳಿದು ನೇರ ಬಂದಿದ್ದಳು. ಅದೇ ತಂಡದಲ್ಲಿ ಚೆಂಡನ್ನು ಬಳೆಗೆ ಎಸೆಯುವ ಕೆಲಸ ಅವಳದಾಗಿತ್ತು. ಪಟ್ಟಿಯ ಮೇಲೆ ಬಗ್ಗಿ ನೋಡಿ ಹಾಗೇ ನಿಂತಳು.

“ಇದು ನನ್ನ ಹೆಸರು.”

“ಏನು?”

“ಸತ್ತಿರೋದು ನಾನು ಅಂದ್ಕೊಂಡಿದ್ದಾರೆ.” ಗುಬ್ಬಿ ಪಟ್ಟಿಯನ್ನು ತಿರುಗಿಸಿ ಹೂವಿನ ಹಿಂದೆ ಸಿಕ್ಕಿಸಿದಳು. “ಬಿಡಿ. ಅವಳಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು.”

ತಂಗಿಗೆ ಹಾಗೆ ನಗುವ ಅಕ್ಕ ಗೊತ್ತಿರಲಿಲ್ಲ.

*

ಮೂವತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಏಣಿ ಸಮುದ್ರದಾಚೆ ದೊಡ್ಡ ಪಂದ್ಯಾವಳಿ ಆಡಲು ಹೋಗಿದ್ದಳು. ತಂಗಿ ನಸುಕಿನಲ್ಲೇ ಕಾರಿಡಾರಿನ ಫೋನಿನಿಂದ ತಂಡ ಇಳಿದುಕೊಂಡಿದ್ದ ಹೋಟೆಲಿಗೆ ಕರೆ ಮಾಡಿದಳು. ಸಿಕ್ಕಿದ್ದು ಮ್ಯಾನೇಜರ್. “ಅಮ್ಮ ಉಳಿಯಲ್ಲ ಅಂದಿದ್ದಾರೆ, ಅಕ್ಕನ್ನ ಕಳಿಸಿಕೊಡಿ,” ಎಂದಳು. “ಹೇಳ್ತೀನಮ್ಮ, ಈಗಲೇ ಹೇಳ್ತೀನಿ,” ಎಂದ ಆತ.

ಆ ದಿನವೆಲ್ಲ ಅಮ್ಮ ಬಾಗಿಲು ನೋಡುತ್ತ ಮಲಗಿದ್ದಳು.

“ಉದ್ದದೋಳು ಬಂದ್ಲಾ?”

“ಬರ್ತಿದ್ದಾಳೆ. ದಾರೀಲಿದ್ದಾಳೆ.”

ಮಾರನೆಯ ಮಧ್ಯಾಹ್ನದವರೆಗೂ ಅಮ್ಮ ಜೀವ ಬಿಗಿಹಿಡಿದುಕೊಂಡಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು.

ಏಣಿ ಮನೆಗೆ ಬಂದದ್ದು ಎಲ್ಲ ಮುಗಿದ ಮೇಲೆ, ಎರಡು ಊರುಗೋಲುಗಳ ಮೇಲೆ. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. ಯಾವ ಬಾಗಿಲಾದರೂ ಅವಳು ಬಗ್ಗಲೇಬೇಕಿತ್ತು.

“ಈಗ ಬಂದ್ಯಾ?” ಎಂದಳು ತಂಗಿ.

“ಆಟ ಮುಗಿದ ಮೇಲೆ ಹೇಳಿದ್ರು ಕಣೇ.”

ಆ ಒಂದು ಮಾತಿಗೆ ತಂಗಿ ಕರಗಿಹೋದಳು. ಸಿಟ್ಟೆಲ್ಲ ಮ್ಯಾನೇಜರನ ಮೇಲೆ ತಿರುಗಿತು. “ಅವನ ನಾಲಿಗೆ ಸೇದಿಹೋಗ,” ಎಂದು ಶಪಿಸಿದಳು, ಅವತ್ತೂ, ಆಮೇಲೆ ಅಮ್ಮನ ನೆನಪಾದಾಗಲೆಲ್ಲ. ಆತ ತೀರಿಕೊಂಡ ಸುದ್ದಿ ಬಂದ ದಿನ, “ಸದ್ಯ,” ಎಂದಳು. ಹಾಗೆ ಶಪಿಸಿದಾಗಲೆಲ್ಲ ಏಣಿ ಊಟ ಅರ್ಧಕ್ಕೆ ಬಿಟ್ಟು ತಟ್ಟೆ ತೊಳೆಯಲು ಎದ್ದುಹೋಗುತ್ತಿದ್ದಳು. ನೋವು ತಡೆಯಲಾಗದೆ ಹೋಗುತ್ತಾಳೆ ಎಂದುಕೊಳ್ಳುತ್ತಿದ್ದಳು ತಂಗಿ.

ಮೊಣಕಾಲು ಸರಿಹೋಗಲಿಲ್ಲ. ಮಕ್ಕಳಿಗೆ ಆಟ ಕಲಿಸುವ ಕೆಲಸ ಸಿಕ್ಕಿತು, ಓಡಿ ತೋರಿಸಲಾಗದೆ ಹೋಯಿತು. ಕೊನೆಗೆ ನಗರಸಭೆಯ ಈಜುಕೊಳದಲ್ಲಿ ಟಿಕೆಟ್ ಹರಿಯುವ ಗಾಜಿನ ಗೂಡು. ಅದರ ಸೂರು ಎಷ್ಟು ತಗ್ಗೆಂದರೆ ಕೂತರೂ ಕೂದಲು ತಾಗುತ್ತಿತ್ತು. ಕಾಲು ಚಾಚಲು ಜಾಗವಿರಲಿಲ್ಲ. ಸಂಜೆ ಅವಳು ಮನೆಗೆ ಬಂದರೆ ಕ್ಲೋರಿನ್ ವಾಸನೆ ಮುಂಚೆ ಒಳಗೆ ಬರುತ್ತಿತ್ತು. ತಂಗಿ ಬಿಸಿನೀರಿನ ಚೀಲ ಹಿಡಿದು ಕಾಯುತ್ತಿದ್ದಳು.

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನೊಬ್ಬ ತಂಗಿಯನ್ನು ಮದುವೆಯಾಗುತ್ತೇನೆಂದು ಕೇಳಿದ್ದ. ಒಳ್ಳೆಯವನು, ಮಾತು ಕಡಿಮೆ. “ಅಕ್ಕನಿಗೆ ಎಲ್ಲರೂ ಮೋಸ ಮಾಡಿದ್ದಾರೆ. ನಾನೂ ಬಿಟ್ಟು ಬಂದ್ರೆ ಹೇಗೆ?” ಎಂದಿದ್ದಳು. ಆತ ಇನ್ನೊಂದು ವರ್ಷ ಕಾದು, ಬೇರೆ ಊರಿನಲ್ಲಿ ಅಂಗಡಿ ಇಟ್ಟುಕೊಂಡ.

*

“ನಂಗೆ ಗುರಿ ಬಂದಿದ್ದೇ ಅವಳ ಕೈಯಿಂದ,” ಎನ್ನುತ್ತಿದ್ದಳು ಗುಬ್ಬಿ. ಮೊದಲ ಸಾಲಿನಲ್ಲಿ ಇಬ್ಬರೇ ಕೂತಿದ್ದರು. “ಅಭ್ಯಾಸದಲ್ಲಿ ನನ್ನೆದುರು ಕೈಯೆತ್ತಿ ನಿಲ್ಲೋಳು. ಆ ಕೈ ದಾಟಿಸಿ ಎಸೆದೂ ಎಸೆದೂ, ಆಮೇಲೆ ಯಾರ ಕೈಯೂ ಎತ್ತರ ಅನ್ನಿಸ್ಲೇ ಇಲ್ಲ. ಪಂದ್ಯದಲ್ಲಿ ಮಾತ್ರ ಅವಳು ಆ ತುದಿ, ನಾನು ಈ ತುದಿ. ನಮ್ಮ ನಮ್ಮ ಗೆರೆ ದಾಟೋ ಹಾಗಿಲ್ಲ. ದೂರದಿಂದ ನೋಡೋದು, ಅಷ್ಟೆ.”

“ನಾನು ದೂರದಿಂದಲೂ ನೋಡ್ಲಿಲ್ಲ. ಒಂದು ಆಟವೂ. ಅಮ್ಮನ್ನ ನೋಡ್ಕೊಳ್ಳೋರು ಬೇಕಿತ್ತಲ್ಲ.”

“ಕೊನೇದನ್ನ ನೋಡದೇ ಇದ್ದಿದ್ದು ಒಳ್ಳೇದೇ ಆಯ್ತು. ಅವತ್ತು ಅವಳ ಕೈಯೇ ಏಳ್ಲಿಲ್ಲ. ಅವಳು ಆಡಿದಷ್ಟು ಹೊತ್ತು ಬಂದಿದ್ದೆಲ್ಲ ಒಳಗೆ. ಬೆಳಗ್ಗೆ ಅಂಥ ಸುದ್ದಿ ಕೇಳಿದ ಮೇಲೆ ಯಾರಿಗೆ ತಾನೇ ಕೈ ಏಳುತ್ತೆ?”

“ಯಾವ ಸುದ್ದಿ?”

“ಅದೇ, ಅಮ್ಮಂದು.”

ತಂಗಿ ತಿರುಗಿ ನೋಡಿದಳು.

“ಬೆಳಗ್ಗೇನೇ ಗೊತ್ತಿತ್ತಾ?”

“ನಿಮಗೆ ಅವಳು…”

“ಹೇಳಿ. ಮ್ಯಾನೇಜರ್ ಹೇಳಿದ್ನಾ?”

ಗುಬ್ಬಿ ತನ್ನ ಕೈಗಳನ್ನು ನೋಡಿಕೊಂಡಳು. “ತಿಂಡಿ ಹೊತ್ತಿಗೆ ಹೇಳಿದ್ರು. ಟಿಕೆಟ್ಟೂ ಮಾಡಿಸಿಟ್ಟಿದ್ರು ಪಾಪ. ‘ಹೊರಡಮ್ಮ, ಸಂಜೆಗೆ ಮನೇಲಿರ್ತೀಯ,’ ಅಂದ್ರು. ಇವಳು ಹೋಗಲ್ಲ ಅಂದ್ಲು. ‘ಯಾಕೇ?’ ಅಂತ ನಾನೇ ಕೇಳ್ದೆ. ‘ಅಲ್ಲಿ ಹೋದ್ರೆ ಅಮ್ಮ ಸಾಯೋದನ್ನ ನೋಡ್ಬೇಕು. ಇಲ್ಲಿದ್ರೆ ಆಟ ಆದ್ರೂ ಇರುತ್ತೆ,’ ಅಂದ್ಲು. ಆಡೋಕೆ ಇಳಿದ ಸ್ವಲ್ಪ ಹೊತ್ತಿಗೇ ಎಗರಿದವಳು ತಪ್ಪಾಗಿ ಕಾಲೂರಿದ್ಲು. ಮೊಣಕಾಲು ಮುರಿದ ಸದ್ದು ನನ್ನ ತುದಿವರೆಗೂ ಕೇಳ್ತು.”

ಸತ್ತವನೊಬ್ಬನನ್ನು ತಂಗಿ ಇಷ್ಟು ವರ್ಷ ಶಪಿಸಿದ್ದಳು. ಅವನು ಟಿಕೆಟ್ ಮಾಡಿಸಿಟ್ಟಿದ್ದ. ಬಟ್ಟೆ ಕತ್ತರಿಸುವವನ ಮುಖ ನೆನಪಿಸಿಕೊಳ್ಳಲು ನೋಡಿದಳು. ಅವನ ಬೆರಳಿಗೆ ಕತ್ತರಿ ಹಿಡಿದೂ ಹಿಡಿದೂ ಬಿದ್ದಿದ್ದ ಜಡ್ಡು ಮಾತ್ರ ನೆನಪಾಯಿತು.

“ನಾನು ಹೇಳಬಾರದಿತ್ತು,” ಎಂದಳು ಗುಬ್ಬಿ.

“ಅವಳು ಹೇಳಬೇಕಿತ್ತು.”

ಚಿತಾಗಾರದ ನೌಕರ ಬಂದು ಮುಚ್ಚಳ ಸರಿಸಿದ. “ಕೊನೇ ಸಲ ನೋಡೋರು ನೋಡಬಹುದು. ಮುಂದಿನವರು ಹೊರಗೆ ಕಾಯ್ತಿದ್ದಾರೆ.”

ತಂಗಿ ಎದ್ದು ಹೋಗಿ ನಿಂತಳು. ಅಕ್ಕನ ಮುಖ ಶಾಂತವಾಗಿರಲಿಲ್ಲ, ಅಶಾಂತವಾಗಿಯೂ ಇರಲಿಲ್ಲ. ಮೆಟ್ಟಿಲಲ್ಲಿ ಓರೆಯಾದಾಗ ಒಂದು ಬದಿಗೆ ವಾಲಿತ್ತು, ಅಷ್ಟೆ. ಕೈಯೆತ್ತಿ ಕೆನ್ನೆಗೊಂದು ಬಾರಿಸಬೇಕೆನ್ನಿಸಿತು. ಬಗ್ಗಿದಳು.

“ಅಮ್ಮ ಬಾಗಿಲು ನೋಡ್ತಿದ್ಲು ಕಣೇ,” ಎಂದಳು ಮೆಲ್ಲಗೆ. “ಮಾರನೇ ಮಧ್ಯಾಹ್ನದ ತನಕ.”

ಇದನ್ನು ಅವಳು ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ. ಸುಮ್ಮನೆ ಯಾಕೆ ನೋಯಿಸುವುದು ಎಂದು ಮುಚ್ಚಿಟ್ಟುಕೊಂಡಿದ್ದಳು.

“ಮುಚ್ಚಿ,” ಎಂದಳು ನೌಕರನಿಗೆ.

*

ಮಧ್ಯಾಹ್ನ ಮನೆಯ ಬಾಗಿಲು ತೆಗೆಯುವಾಗ ಒಬ್ಬಾತ ಹೊರಗೇ ಕಾದು ನಿಂತಿದ್ದ. ರೋಗಿಗಳಿಗೆ ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯವನು.

“ಇವತ್ತೇ ಬರಬಾರದಿತ್ತು, ಗೊತ್ತು. ಇನ್ನೊಬ್ಬರಿಗೆ ಅರ್ಜೆಂಟಾಗಿ ಬೇಕಂತೆ, ಆ ವಾಕರ್ರು.”

ಹಿಡಿದು ನಡೆಯುವ ಆ ಅಲ್ಯೂಮಿನಿಯಂ ವಾಕರ್ ಅಕ್ಕನ ಮಂಚದ ಪಕ್ಕದಲ್ಲೇ ಇತ್ತು. ನಾಲ್ಕು ಕಾಲುಗಳನ್ನೂ ಕೊನೆಯ ತೂತಿನವರೆಗೆ ಎಳೆದು ಉದ್ದ ಮಾಡಲಾಗಿತ್ತು. ಆತ ಅದನ್ನು ನೋಡಿ ತಲೆಯಾಡಿಸಿದ. “ಇಷ್ಟೆತ್ತರದಲ್ಲಿ ಗಾಡಿ ಡಿಕ್ಕೀಲಿ ಹಿಡಿಯಲ್ಲ. ಇಲ್ಲೇ ಇಳಿಸಿಬಿಡ್ತೀನಿ. ಇದು ಬೇಕಾಗಿರೋ ಅಜ್ಜಿ ನಿಮ್ಮಷ್ಟೇ ಎತ್ತರ ಇದ್ದಾರೆ.”

ನೆಲದ ಮೇಲೆ ಮಂಡಿಯೂರಿ ಗುಂಡಿ ಒತ್ತಿದ. ಒಂದು ಕಾಲು ಟಕ್ ಟಕ್ ಎಂದು ಒಳಗೆ ಸರಿಯಿತು. ಇನ್ನೊಂದು. ಮತ್ತೊಂದು. ನಾಲ್ಕನೆಯದು ಕಚ್ಚಿಕೊಂಡಿತ್ತು. ಎಷ್ಟು ಒತ್ತಿದರೂ ಜರುಗಲಿಲ್ಲ.

“ಎಣ್ಣೆ ಬಿಡ್ಬೇಕು. ಗಾಡೀಲಿದೆ, ತರ್ತೀನಿ. ಬಿಟ್ರೆ ಬೀಳುತ್ತೆ, ಸ್ವಲ್ಪ ಹಿಡ್ಕೊಂಡಿರ್ತೀರಾ?”

ಆತ ಇಳಿದು ಹೋದ. ಮೂರು ಕಾಲು ಗಿಡ್ಡ, ಒಂದು ಕಾಲು ಉದ್ದವಾಗಿ ವಾಕರ್ ಒಂದು ಬದಿಗೆ ವಾಲಿ ನಿಂತಿತ್ತು. ಖಾಲಿ ಮಂಚದ ಪಕ್ಕದಲ್ಲಿ ತಂಗಿ ಅದರ ಎರಡೂ ಹಿಡಿಗಳನ್ನು ಬಲವಾಗಿ ಹಿಡಿದುಕೊಂಡು, ಬೀಳಗೊಡದೆ ನಿಂತಿದ್ದಳು.