ರಾಶಿಯ ಎತ್ತರ

ನನ್ನ ತಂಗಿ ವಿದ್ಯಾವತಿ ಹತ್ತನೇ ತರಗತಿಯಲ್ಲಿ ಗಣಿತ ಒಂದರಲ್ಲೇ ನಪಾಸಾಗಿದ್ದಳು. ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿದಾಗ ಅಪ್ಪ ಬಸಂತರಾಯ ಖಡಾಖಂಡಿತ ಹೇಳಿಬಿಟ್ಟ, "ಈ ಸಲ ಪಾಸಾದ್ರ ಇಂಡಿ ಕಾಲೇಜಿಗೆ ಹಚ್ಚತೇನಿ. ಇಲ್ಲಂದ್ರ ಇದ ಬ್ಯಾಸಿಗ್ಯಾಗ ಕಲ್ಮೇಶನ ಕೂಡ ಮದುವಿ." ಕಲ್ಮೇಶ ಅವ್ವನ ತಮ್ಮ, ಮೋರಟಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಕೆಟ್ಟವನೇನಲ್ಲ. ಆದರೆ ವಿದ್ಯಾ ಅವನ ಹೆಗಲ ಮೇಲೆ ಕೂತು ಬೆಳೆದವಳು. ಆ ಮದುವೆಯ ಮಾತೆತ್ತಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನನ್ನನ್ನಂತೂ ಏಳನೇ ತರಗತಿಗೇ ಸಾಲಿ ಬಿಡಿಸಿ ಮದುವೆ ಮಾಡಿ ಕೊಟ್ಟಿದ್ದರು. ಇವಳಾದರೂ ಪಾರಾಗಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಬಾಣಂತನಕ್ಕೆಂದು ಆಗ ನಾನು ಹಲಸಂಗಿಯ ತವರಲ್ಲೇ ಇದ್ದೆ. ವಿದ್ಯಾಳಿಗೆ ಗೋಳದ ಲೆಕ್ಕ ನೀರು ಕುಡಿದಷ್ಟು ಸಲೀಸು. ಶಂಕು ಬಂತೆಂದರೆ ಮಾತ್ರ ಅಳುಮೋರೆ. ಅದನ್ನು ನೋಡಿ ಅಪ್ಪನಿಗೆ ಕನಿಕರ ಬಂತು. ಎಂದೂ ಸಾಲಿಯ ಮೆಟ್ಟಿಲು ಹತ್ತದವನು ಪುಸ್ತಕದಲ್ಲಿನ ಶಂಕುವಿನ ಚಿತ್ರ ನೋಡಿ ಅವಳನ್ನು ಕಣಕ್ಕೆ ಕರೆದುಕೊಂಡು ಹೋದ. ಬಿಳಿಜೋಳ ತೂರಿ ರಾಶಿ ಹಾಕಿದ್ದರು. ಹಗ್ಗದ ಒಂದು ತುದಿಯನ್ನು ಬುಡಕ್ಕೆ ಹಿಡಿದು, ಕಾಳಿನ ಮೈಗುಂಟ ನೆತ್ತಿಯ ತನಕ ಎಳೆದ.

"ಇದು ರಾಶಿ ಎತ್ತರ. ಶಂಕು ಅಂದ್ರ ಇದ ಅಲ್ಲೇನು? ಇಷ್ಟಕ್ಯಾಕ ಅಳತೀ?"

ನಮ್ಮ ಮನೆಯಲ್ಲಿ ಅಳೆಯುವುದೇ ಹಾಗೆ. ಪೂಜೆಯಾದ ರಾಶಿಯ ನಡುವೆ ಕೋಲು ಚುಚ್ಚಿದರೆ ಹುಲುಸು ಹೋಗುತ್ತದೆಂದು ಯಾರೂ ಚುಚ್ಚುವುದಿಲ್ಲ. ಆ ಹಗ್ಗದ ಅಳತೆಯ ಮೇಲೇ ಎಷ್ಟು ಚೀಲವೆಂಬ ಅಪ್ಪನ ಅಂದಾಜು ಎಂದೂ ತಪ್ಪಿರಲಿಲ್ಲ. ಅಂದು ಅಪ್ಪ, ಮಗಳು ನಗುತ್ತ ಮನೆಗೆ ಬಂದರು. ಊಟಕ್ಕೆ ಕೂತವನು, "ಸಾಲಿ ಮಾಸ್ತರಗ ಆಗಲಾರದ್ದು ನಾ ಮಾಡೇನಿ ನೋಡು," ಎಂದು ಅವ್ವನ ಮುಂದೆ ಕೊಚ್ಚಿಕೊಂಡ.

ಪರೀಕ್ಷೆಯಲ್ಲಿ ಶಂಕುವೇ ಬಂತು. ತ್ರಿಜ್ಯ ಏಳು, ಓರೆ ಎತ್ತರ ಇಪ್ಪತ್ತೈದು, ಘನಫಲ ಕಂಡುಹಿಡಿಯಿರಿ. ಘನಫಲಕ್ಕೆ ಬೇಕಾದದ್ದು ಮೈಗುಂಟದ ಓರೆ ಎತ್ತರವಲ್ಲ, ನೆತ್ತಿಯಿಂದ ನೆಟ್ಟಗೆ ಕೆಳಗಿಳಿಯುವ ಎತ್ತರ, ಇಪ್ಪತ್ನಾಲ್ಕು. ವಿದ್ಯಾ ಕಣದ ರಾಶಿಯನ್ನು ನೆನೆದು ಇಪ್ಪತ್ತೈದನ್ನೇ ಹಾಕಿ ಗುಣಿಸಿದಳು. ಹೊರಗೆ ಬಂದು ಗೆಳತಿ ಶಬಾನಾಳ ಉತ್ತರದ ಜೊತೆ ತಾಳೆ ನೋಡಿದಾಗಲೇ ಅವಳಿಗೆ ತಪ್ಪು ತಿಳಿದದ್ದು. ಮನೆಗೆ ಬಂದು ನನ್ನೊಬ್ಬಳಿಗೇ ಹೇಳಿ ಬಿಕ್ಕಿಬಿಕ್ಕಿ ಅತ್ತಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮೂರು ಅಂಕಕ್ಕೆ ಪಾಸು ತಪ್ಪಿತ್ತು. ಆ ಒಂದು ಲೆಕ್ಕಕ್ಕೇ ನಾಲ್ಕು ಅಂಕ. ನನಗೆ ಮೈಯೆಲ್ಲ ಉರಿಯಿತು.

"ಎಪ್ಪಾ, ನೀ ಕಣದಾಗ ಕಲಿಸಿದ್ದ ತಪ್ಪು. ಅದಕ್ಕ ಹೋತು ಈಕಿದು," ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿದೆ.

ಅಪ್ಪನ ಮುಖ ಬಿಳುಚಿಕೊಂಡಿತು. ವಿದ್ಯಾಳ ಕಡೆ ತಿರುಗಿದ. "ಹೌದೇನವಾ? ನಂದ ತಪ್ಪಿದ್ರ ಹೇಳು. ಇನ್ನೊಮ್ಮೆ ಪರೀಕ್ಷಾ ಕಟ್ಟು. ಸದ್ಯ ಮದುವಿ ಬ್ಯಾಡಂತ ಕಲ್ಮೇಶಗ ನಾ ಹೇಳತೇನಿ."

ಹೇಳೇ, ಒಂದು ಸಲ ಬಾಯಿ ಬಿಡೇ ಎಂದು ನಾನು ಒಳಗೊಳಗೇ ಒದ್ದಾಡಿದೆ. ವಿದ್ಯಾ ಅಪ್ಪನ ಇಳಿದ ಮುಖವನ್ನು ನೋಡಿದಳು.

"ಇಲ್ಲಪಾ. ನೀ ಕಲಿಸಿದ್ದು ಬರೋಬ್ಬರಿ ಇತ್ತು. ನಾನ ಮರತೆ. ಅಕ್ಕ ಸುಮ್ನ ನಿನ್ನ ಮ್ಯಾಲ ಹಾಕಾಕತ್ತಾಳ."

ಅಪ್ಪನಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಲೆಕ್ಕ ನಿನ್ನ ತಲಿಗೆ ಹತ್ತೂದಿಲ್ಲ ಬಿಡವಾ," ಎಂದು ಅವಳ ತಲೆ ಸವರಿದ. ರುಮಾಲು ಸುತ್ತಿಕೊಂಡು ಮದುವೆ ಗೊತ್ತು ಮಾಡಲು ಮೋರಟಗಿಯ ಬಸ್ಸಿಗೆ ಹೊರಟ.

ಹೊಸ್ತಿಲ ತನಕ ಬೆನ್ನು ಹತ್ತಿ ಬಾಯಿ ಮಾಡಿದೆ. ಅವನು ಹಿಂದಿರುಗಿ ನೋಡಲಿಲ್ಲ. ಗದ್ದಲಕ್ಕೆ ನನ್ನ ಕೂಸು ಎದ್ದು ಅಳತೊಡಗಿತು. ವಿದ್ಯಾ ಅದನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು.

"ಅಕ್ಕಾ, ಗಂಡನ ಮನಿಗೆ ಲಗೂನ ಹೋಗಬ್ಯಾಡ," ಎಂದಳು. "ನನ್ನ ಮದುವಿ ಆಗೂ ತನಕ ಇಲ್ಲೇ ಇರು."