ಡ್ರಮ್ಮಿನೊಳಗಿನ ಹುಳ

“ಹೊರಗೆ ಬಾರೋ ಬೋಳಿಮಗನೆ! ಆಸ್ಪತ್ರೆ ಚಾದರ ರಾಶಿ ಬಿದ್ದಿದೆ, ನಿನಗೆ ಮಲಗೋಕೆ ಡ್ರಮ್ಮೇ ಬೇಕಾಯ್ತಾ?”

ಲಾಂಡ್ರಿಯ ಧಣಿ ಒಗೆಯುವ ಯಂತ್ರದ ಕಬ್ಬಿಣದ ಬಾಗಿಲಿಗೆ ಚಪ್ಪಲಿಯಿಂದ ಬಡಿದ. ಒಳಗಿನಿಂದ ಸದ್ದಿಲ್ಲ.

“ಇರಲಿ ಬಿಡಿ ಧಣಿ, ಅವನನ್ನೂ ಒಗೆದು ಹಿಂಡಿ ಕಳಿಸೋಣ,” ಎಂದ ಮಶೀನಿನವನು. ಇಸ್ತ್ರಿ ಮೇಜುಗಳ ಕಡೆ ಒಂದಿಬ್ಬರು ನಕ್ಕರು.

ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ಬಾಗಿಲಿಗೆ ಕಿವಿಗೊಟ್ಟಳು. ಒಳಗಿದ್ದವನು ಅವಳ ತಮ್ಮ. ಮೀಸೆ ನರೆಯತೊಡಗಿದ ಆಳು, ಮಂಡಿಯನ್ನು ಗದ್ದಕ್ಕೆ ಒತ್ತಿ, ಬಾಗಿಲನ್ನು ಒಳಗಿನಿಂದ ಚಾದರದಲ್ಲಿ ಬಿಗಿದುಕೊಂಡು ಕೂತಿದ್ದ.

“ನಾನು ಕಣೋ, ಅಕ್ಕ. ಬಾರೋ.”

“ಬರಬೇಡ ಅಂದಿದ್ದಾರೆ ಧಣಿ.”

“ಧಣಿ ಇಲ್ಲೇ ನಿಂತಿದ್ದಾರಲ್ಲೋ. ಅವರೇ ಕರೀತಿದ್ದಾರೆ.”

“ಅದು ಬೇರೆ ಯಾರೋ. ಧಣಿ ಇಲ್ಲಿದ್ದಾರೆ, ಕಿವಿ ಹತ್ರ. ಉಸಿರಾಡಬೇಡ ಅಂತಿದ್ದಾರೆ. ಮೆತ್ತಗೆ ಮಾತಾಡೇ.”

ಅವ್ವ ಇಲ್ಲಿ ಇಸ್ತ್ರಿ ಮಾಡುತ್ತಿದ್ದ ಕಾಲದಲ್ಲಿ, ಡ್ರಮ್ಮಿಗೆ ಅಂಟಿದ ಸೋಪಿನ ಹಕ್ಕಳೆ ಕೆರೆಯಲು ಮಕ್ಕಳ ಮೈಯೇ ಆಗಬೇಕಿತ್ತು. ತಮ್ಮನನ್ನು ಇಳಿಸುತ್ತಿದ್ದರು. ಕೆರೆದದ್ದು ಸರಿಬೀಳದ ದಿನ ಬಾಗಿಲು ಮುಚ್ಚುತ್ತಿತ್ತು. ಧಣಿ ಹೊರಗೆ ಸ್ಟೂಲು ಹಾಕಿಕೊಂಡು ಟೀ ಕುಡಿಯುತ್ತ, “ಉಸಿರಾಡಿದ್ದು ಕೇಳಿಸ್ತು, ಇನ್ನೂ ಸ್ವಲ್ಪ ಹೊತ್ತು ಇರು,” ಎನ್ನುತ್ತಿದ್ದ. ಕೊನೆಗೆ ಆಟ ಬೇಸರವಾದಾಗ ಉಂಗುರದಿಂದ ಬಾಗಿಲು ತಟ್ಟಿ ಕೇಳುತ್ತಿದ್ದ: “ಹುಳ ಸತ್ತಿದೆಯೋ, ಬದುಕಿದೆಯೋ?” ಸತ್ತಿದೆ ಧಣಿ ಎಂದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅವ್ವ ಇಸ್ತ್ರಿ ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಲೂ ಇಲ್ಲ.

ಧಣಿ ಫೋನ್ ಮಾಡಿದ್ದಕ್ಕೆ, ಚಾದರ ಒಯ್ಯುವ ವ್ಯಾನಿನಲ್ಲೇ ಆಸ್ಪತ್ರೆಯ ಡಾಕ್ಟರು ಬಂದರು, ಹಿಂದೆ ಇಬ್ಬರು ದಾಂಡಿಗರು. ಒಬ್ಬನ ಕೈಯಲ್ಲಿ ಕಟ್ಟುವ ಪಟ್ಟಿ.

“ಕಟ್ಟಬೇಡಿ ಸಾರ್, ಕಾಲಿಗೆ ಬೀಳ್ತೀನಿ,” ಎಂದಳು ಅಕ್ಕ. “ಬಾಗಿಲು ಹಾಕೋ ರೂಮಿಗೆ ಹಾಕಿದ್ರೆ ಅವನು ಉಳಿಯಲ್ಲ.”

“ಎಷ್ಟು ದಿನದಿಂದ ಹೀಗೆ?”

“ಚಿಕ್ಕವನಿದ್ದಾಗಲೇ ಮಾತು ಕಮ್ಮಿಯಾಯ್ತು ಸಾರ್. ದೊಡ್ಡವನಾದ ಮೇಲೆ ದನಿ ಕೇಳೋಕೆ ಶುರುವಾಯ್ತು.”

“ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇತ್ತಾ?”

“ಮನೇಲಿ ಇರಲಿಲ್ಲ ಸಾರ್. ಇಲ್ಲಿತ್ತು.”

ಡಾಕ್ಟರು ತಲೆಯೆತ್ತಿದರು. ಅಕ್ಕ ಧಣಿಯ ಕಡೆ ತಿರುಗಿದಳು. “ಧಣಿ, ಆಗ ಕೇಳ್ತಿದ್ರಲ್ಲ, ಆ ಮಾತು ಒಂದ್ಸಲ ಕೇಳಿಬಿಡಿ. ನಾನು ಕೇಳಿ ನೋಡಿದೆ, ನನ್ನ ದನಿಗೆ ಅವನು ಬರಲ್ಲ. ನೀವು ಕೇಳಿದ್ರೆ ತಾನಾಗೇ ಬರ್ತಾನೆ.”

“ಯಾವ ಮಾತು?” ಎಂದರು ಡಾಕ್ಟರು.

ಇಸ್ತ್ರಿ ಮೇಜಿನ ಸದ್ದುಗಳು ನಿಂತವು. ಅಲ್ಲಿನ ಮುದುಕಿಯರಿಗೆಲ್ಲ ಆ ಮಾತು ಗೊತ್ತಿತ್ತು. ಒಬ್ಬೊಬ್ಬರೂ ಬಗ್ಗಿ ಚಾದರದ ಮಡಿಕೆ ಸರಿಮಾಡತೊಡಗಿದರು.

ಧಣಿ ಬೆರಳಿನ ಉಂಗುರ ತಿರುಗಿಸಿದ. “ಯಾವ ಮಾತೂ ಇಲ್ಲ ಡಾಕ್ಟ್ರೇ. ಇವರ ರಕ್ತದಲ್ಲೇ ಹುಚ್ಚಿದೆ. ಅವ್ವ ಸತ್ತ ಮೇಲೆ ಅನಾಥ ಮುಂಡೇವು ಅಂತ ಅನ್ನ ಹಾಕಿದ್ದಕ್ಕೆ ಇದು! ಬೇಗ ಎತ್ತಾಕಿಕೊಂಡು ಹೋಗಿ, ನಿಮ್ಮ ಚಾದರಾನೇ ತಡ ಆಗ್ತಿದೆ.”

ಡಾಕ್ಟರು ಗಡಿಯಾರ ನೋಡಿಕೊಂಡರು. “ಹಳೇದೆಲ್ಲ ಆಮೇಲೆ ಮಾತಾಡೋಣಮ್ಮ.”

ಸಂದಿಯಿಂದ ಕತ್ತರಿ ತೂರಿಸಿ ಚಾದರ ಕತ್ತರಿಸಿದರು. ದಾಂಡಿಗರು ತಮ್ಮನ ಕಾಲು ಹಿಡಿದು ಎಳೆದರು. ಅವನು ಕೂಗಲಿಲ್ಲ, ಒದೆಯಲಿಲ್ಲ. ಉಸಿರು ಬಿಗಿಹಿಡಿದು ಮುಖ ನೀಲಿಗಟ್ಟಿತ್ತು. ತೋಳಿಗೆ ಸೂಜಿ ಇಳಿದಾಗ, ಯಾರೂ ಕೇಳದಿದ್ದರೂ ಹೇಳತೊಡಗಿದ: “ಸತ್ತಿದೆ ಧಣಿ. ಸತ್ತಿದೆ. ಸತ್ತಿದೆ.” ಅಕ್ಕನೇ ಬೆಳಿಗ್ಗೆ ಇಸ್ತ್ರಿ ಮಾಡಿದ್ದ ಬಿಳಿ ಚಾದರದಲ್ಲಿ ಸುತ್ತಿ ಅವನನ್ನು ವ್ಯಾನಿಗೆ ಹಾಕಿದರು. ಅವಳು ಬಾಗಿಲು ಹಿಡಿದು ಹತ್ತಹೋದಳು. ದಾಂಡಿಗ ಅವಳ ಬೆರಳು ಬಿಡಿಸಿದ.

ವ್ಯಾನು ಹೋಯಿತು.

“ಏನ್ ನೋಡ್ತಾ ನಿಂತಿದೀರಾ? ಬಟ್ಟೆ ತುಂಬ್ರೋ!” ಎಂದ ಧಣಿ.

ಅಕ್ಕ ಡ್ರಮ್ಮಿನ ಹತ್ತಿರ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈ ಮುದುರಿ ಒಳಗೆ ನುಸುಳಿ ಬಾಗಿಲೆಳೆದುಕೊಂಡಳು. ತಮ್ಮ ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.

“ಲೇ! ಇವಳಿಗೂ ಹಿಡೀತಾ? ಸ್ವಿಚ್ಚು ಹಾಕೋ!”

ಮಶೀನಿನವನು ಕದಲಿದ ಸದ್ದು ಕೇಳಿಸಲಿಲ್ಲ. ಕತ್ತಲಲ್ಲಿ ಅವಳು ಉಸಿರನ್ನು ಜೋರಾಗಿ, ಹೊರಗೆ ಕೇಳುವಂತೆ ಎಳೆದುಕೊಂಡಳು. ಆಮೇಲೆ ಬೆರಳ ಗೆಣ್ಣಿನಿಂದ ಒಳಗಿನಿಂದಲೇ ಬಾಗಿಲು ತಟ್ಟಿದಳು.

“ಹುಳ ಬದುಕಿದೆ, ಧಣಿ.”