ಎರಡನೆಯ ಗುರುತು

ಪಾದದ ಮೇಲೆ ತಣ್ಣಗೆ ಒಂದು ಹನಿ, ಪಕ್ಕದಲ್ಲಿ ಕೂತವಳ ಚೀಲದಲ್ಲಿ ನೀರಿನ ಬಾಟಲಿ ಸೋರುತ್ತಿದೆ, ಸುವಾರ್ತಮ್ಮ ಕಾಲು ಹಿಂದಕ್ಕೆಳೆದುಕೊಂಡಳು, ಔರಾದ ಬಸ್ಸು ಇನ್ನೂ ಸಂತಪುರ ಮುಟ್ಟಿಲ್ಲ, ಮುಟ್ಟಿದರೇನು ಬಿಟ್ಟರೇನು, ಅವಸರ ಮಾಡಬೇಕಾದದ್ದು ನಿನ್ನೆ — ನಿನ್ನೆ ಮುಂಜಾನೆಯೂ ಹೀಗೇ ಒಂದು ಹನಿ, ಚಿದ್ರಿಯ ತನ್ನ ಮನೆಯ ಮಾಳಿಗೆಯ ಮೇಲೆ, ಕಂಬಳಿ ಹಿಂಡಿದಾಗ. ರವಿವಾರ ಶೇವಂತಾಬಾಯಿಯ ಮಗ ಸಂಘಪಾಲ ಫೋನು ಮಾಡಿದ್ದ, ಮೌಶಿ, ಆಯಿ ಊಟ ಬಿಟ್ಟಾಳ್ರಿ, ನಿಮ್ಮ ಹೆಸರೇ ತಗೊಳ್ಳಲತ್ತಾಳ, ಒಮ್ಮಿ ಬಂದು ಮಾರಿ ತೋರ್ಸಿ ಹೋಗ್ರಿ. ಅವತ್ತೇ ಚರ್ಚಿನಲ್ಲಿ ಮೊಣಕಾಲೂರಿದಾಗ ಎದೆಯೊಳಗೆ ಮಾತು ಎದ್ದಿತ್ತು, ಏಳು, ಹೋಗು, ಹೇಳಿಬಿಡು, ಯಾರ ದನಿಯೆಂದು ಗೊತ್ತಾಗದಷ್ಟು ಹೊಸಬಳೇ ಅವಳು, ಹುಟ್ಟಿದಾಗಿನಿಂದ ಅದೇ ಬೆಂಚಿನಲ್ಲಿ ಕೂತವಳು.

ಹೇಳುವುದಾದರೂ ಎಷ್ಟಿತ್ತು, ಒಂದು ಸುಳ್ಳು, ಹನ್ನೊಂದು ವರ್ಷದ್ದು. ಭಾಲ್ಕಿಯ ದವಾಖಾನೆಯಲ್ಲಿ ಇವಳು ನರ್ಸು, ಶೇವಂತಾ ಆಯಾ, ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು, ಅವಳ ಮಗಳು ಮಹಾಮಾಯಾಳ ಲಗ್ನ ಬುದ್ಧನ ಮೂರ್ತಿಯ ಮುಂದೆ, ಅಲ್ಲಿ ಹೋಗಿ ಕೂತರೆ ಚರ್ಚಿನವರು ಏನಂದಾರು, ಜ್ವರ ಬಂದಾವ ಅಂತ ಹೇಳಿ ಕಳಿಸಿದಳು. ಮರುದಿನವೇ ಶೇವಂತಾ ಗಂಜಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದುಬಿಡಬೇಕೇ, ಲಗ್ನದ ಮನೆ ಹಾಗೇ ಬಿಟ್ಟು, ಯಾವ ಗುರುತನ್ನೂ ಕೇಳದೆ, ಇವಳು ಇದೇ ಕಂಬಳಿ ಎಳೆದುಕೊಂಡು ಮಲಗಿದಳು, ಸಿಸ್ಟರ್‌ಬಾಯಿ, ಮೈ ಸುಡಲತ್ತಿಲ್ಲ, ಜ್ವರ ಇಳದಾವ ಬಿಡ್ರಿ, ಎಂದು ಅವಳು ಹಣೆ ಮುಟ್ಟಿ ನೋಡಿ ಕೈಯಾರೆ ಗಂಜಿ ಕುಡಿಸಿದಳು. ಆಮೇಲೆ ಯಾವ ಮುಖ ಹೊತ್ತು ಅವಳ ಹೊಸ್ತಿಲು ತುಳಿಯುವುದು, ಅವಳು ಮಗನ ಜೊತೆ ಔರಾದಕ್ಕೆ ಹೋದ ಮೇಲಂತೂ ದೂರದ ನೆಪವೂ ಸಿಕ್ಕಿತು.

ಹೋಗು ಎಂದ ದೇವರಿಗೇ ಪರೀಕ್ಷೆ ಇಟ್ಟಳು, ಎಂಥ ಜಾಣೆ, ಬೈಬಲಿನ ಗಿದ್ಯೋನ ಕಣದಲ್ಲಿ ಉಣ್ಣೆ ಹಾಸಿ ದೇವರ ಹತ್ತಿರ ಗುರುತು ಕೇಳಲಿಲ್ಲವೇ, ನಾನೂ ಕೇಳ್ತೇನಿ ಸ್ವಾಮಿ, ರಾತ್ರಿ ಮಾಳಿಗಿ ಮ್ಯಾಲ ಕಂಬಳಿ ಹಾಸ್ತೇನಿ, ಮುಂಜಾನೆ ಇಬ್ಬನಿಗೆ ಕಂಬಳಿಯಷ್ಟೇ ತೊಯ್ದು ನೆಲ ಒಣಗಿದ್ದರೆ ಹೋಗ್ತೇನಿ. ಸೋಮವಾರ ಮುಂಜಾನೆ ನೋಡಿದರೆ ನೆಲ ಒಣಒಣ, ಕಂಬಳಿ ತೊಪ್ಪೆ. ಆಗಲಾದರೂ ಚೀಲ ತೆಗೆದುಕೊಂಡು ಹೊರಡಬಾರದೇ, ಬಾಜೂ ಮನೆಯ ಹಮೀದುನ್ನಿಸಾಳನ್ನು ಕೂಗಿದಳು, ನೀವೇನರ ಮ್ಯಾಲ ನೀರ ಚೆಲ್ಲೀರೇನ್ರಿ, ಇಲ್ಲ ಬಾಯಿ, ನಾ ಮ್ಯಾಲ ಬಂದೇ ಇಲ್ಲ. ಆದರೂ ಮನಸ್ಸು ಜಗ್ಗಲಿಲ್ಲ, ಗಿದ್ಯೋನನೂ ಎರಡು ಸಲ ಕೇಳಿದನಲ್ಲ, ಇನ್ನೊಂದು ಸಲ, ಈ ಸಲ ನೆಲ ತೊಯ್ಯಲಿ, ಕಂಬಳಿ ಒಣಗಿರಲಿ. ಇವತ್ತು ಹಾಗೇ ಆಗಿತ್ತು, ಕೇಳಿದ ಹಾಗೇ, ಒಣಗಿದ ಕಂಬಳಿ ಮಡಚಿ ಖುಷಿಯಿಂದ ಸೀರೆ ಚೀಲಕ್ಕಿಡುವಾಗ ಫೋನು — ಆಯಿ ಹೋದಳ್ರಿ ಮೌಶಿ, ನಸುಕಿನ್ಯಾಗ, ನಿನ್ನಿ ದಿನಪೂರ್ತಿ ಬಸ್ಸಿನ ಸಪ್ಪಳ ಕೇಳಿದಾಗೊಮ್ಮಿ ಬಾಗ್ಲ ಕಡಿ ಮಾರಿ ಮಾಡ್ತಿದ್ದಳು, ಸಂಜಿಗಿ ಅಂದಳು, ಸಿಸ್ಟರ್‌ಬಾಯಿಗಿ ಮತ್ತ ಜ್ವರ ಬಂದಿರಬೇಕು, ಇಲ್ಲಾಂದ್ರ ಬರ್ತಿದ್ದಳು, ಯಾರರ ಗಂಜಿ ಒಯ್ದು ಕೊಡ್ರಿ.

ಸಂತಪುರ ಬಂತು, ಯಾರೋ ಇಳಿದರು, ಬಾಟಲಿ ಮತ್ತೆ ಸೋರುತ್ತಿದೆ, ಸುವಾರ್ತಮ್ಮ ಈ ಸಲ ಕಾಲು ತೆಗೆಯಲಿಲ್ಲ, ನಿನ್ನೆಯೇ ತೊಯ್ದಿತ್ತಲ್ಲ ಸ್ವಾಮಿ, ನಿನ್ನೆಯೇ, ಹಿಂಡಿದರೆ ಪಾದದ ಮೇಲೆ ತಣ್ಣಗೆ ಒಂದು ಹನಿ, ತಣ್ಣಗೆ ಒಂದು ಹನಿ